ಸೋರುವುದು ಗಾಳಿ, ಸುಡುವುದು ಫ್ಯೂಸು

ರಾತ್ರಿ ನೆಟ್ಟಗೆ ನಿಂತಿದ್ದ ಕಾರು ಬೆಳಿಗ್ಗೆ ನೋಡಿದರೆ ಮುಂಗಾಲು ಮಡಿಸಿದ ಎತ್ತಿನಂತೆ ಒಂದು ಮೂಲೆಗೆ ಕುಸಿದಿರುತ್ತದೆ. ಗ್ಯಾರೇಜಿನಲ್ಲಿ ಫ್ಯೂಸ್ ಸುಟ್ಟಿದೆಯೆಂದು ಹೊಸದೊಂದನ್ನು ಹಾಕಿ ಕಳುಹಿಸುತ್ತಾರೆ. ಎರಡು ವಾರದಲ್ಲಿ ಅದೂ ಸುಡುತ್ತದೆ. ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಕೂರುವ ವಾಹನಗಳ ಮಾಲೀಕರಿಗೆ ಇದು ಹಳೆಯ ಕತೆ. ನೋವು ಒಂದು ಕಡೆ, ರೋಗ ಇನ್ನೊಂದು ಕಡೆ. ಇವೆರಡೂ ಹೀಗೆ ದೂರವಾದದ್ದು ಗಾಳಿಯ ಕೆಲಸಕ್ಕೆ ವಿದ್ಯುತ್ತನ್ನು ಮೇಸ್ತ್ರಿಯಾಗಿ ನೇಮಿಸಿದ ಮೇಲೆ.

ಗಾಳಿಚೀಲದ ಲಾಭ ಮೊದಲು ಮನವರಿಕೆಯಾದದ್ದು ಬಸ್ಸುಗಳಲ್ಲಿ. ತುಂಬಿದ ಬಸ್ಸಿನ ಭಾರ ತಡೆಯುವಷ್ಟು ಗಟ್ಟಿಯಾದ ಕಮಾನುಪಟ್ಟಿ ಹಾಕಿದರೆ ಖಾಲಿ ಬಸ್ಸು ಎತ್ತಿನಗಾಡಿಯಂತೆ ಕುಲುಕುತ್ತದೆ. ಗಾಳಿಯನ್ನಾದರೆ ಭಾರಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದು. 1954ರಲ್ಲಿ ಅಮೆರಿಕದ ರಸ್ತೆಗಿಳಿದ ಗ್ರೇಹೌಂಡ್ ಕಂಪನಿಯ ‘ಸೀನಿಕ್ರೂಸರ್’ ಬಸ್ಸು ಇಂಥದ್ದು. 1957ರಲ್ಲಿ ಜನರಲ್ ಮೋಟರ್ಸ್ ಇದನ್ನು ‘ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್’ ಎಂಬ ಕಾರಿಗೂ ತಂದಿತು. ಬೆಲೆ 13,074 ಡಾಲರ್, ಅಂದಿನ ಲೆಕ್ಕದಲ್ಲಿ ಕಣ್ಣು ಕುಕ್ಕುವ ಮೊತ್ತ. ಚಕ್ರ ಮೇಲೆದ್ದಾಗ ಒಂದು ಕಂಬಿ ವಾಲ್ವನ್ನು ತಿರುಗಿಸಿ ಚೀಲಕ್ಕೆ ಗಾಳಿ ಬಿಡುತ್ತಿತ್ತು. ಲೆಕ್ಕ ಹಾಕುವ ಗಣಕ ನಡುವೆ ಇರಲಿಲ್ಲ. ಕಾರು ಕುಸಿಯಿತೆಂದರೆ ಎಲ್ಲೋ ಗಾಳಿ ಸೋರಿದೆ ಎಂದರ್ಥ. ಸೋಪಿನ ನೀರು ಬಳಿದು ಗುಳ್ಳೆ ಏಳುವ ಜಾಗ ಹುಡುಕಿದರಾಯಿತು. ಆದರೆ ಸೋರಿಕೆ ಎಷ್ಟಿತ್ತೆಂದರೆ ಅನೇಕ ಮಾಲೀಕರು ಬೇಸತ್ತು ಉಕ್ಕಿನ ಸ್ಪ್ರಿಂಗನ್ನೇ ಹಾಕಿಸಿಕೊಂಡರು.

1984ರ ‘ಲಿಂಕನ್ ಕಾಂಟಿನೆಂಟಲ್ ಮಾರ್ಕ್ 7’ ಕಾರಿನಲ್ಲಿ ಈ ಗಾಳಿಗೆ ಗಣಕದ ಕಾವಲು ಬಂತು. ಕಾರಿನ ಎತ್ತರವನ್ನು ಸೆನ್ಸರುಗಳು ಅಳೆದು ಹೇಳುತ್ತವೆ. ಗಣಕ ಕಂಪ್ರೆಸರನ್ನು ಓಡಿಸುತ್ತದೆ ಇಲ್ಲವೇ ವಿದ್ಯುತ್ ವಾಲ್ವ್ ತೆರೆದು ಗಾಳಿ ಬಿಡುತ್ತದೆ. ಗಣಕಕ್ಕೆ ಸೆನ್ಸರು ಹೇಳಿದ್ದೇ ಸತ್ಯ. ಜಾಕ್ ಹಾಕಿ ಕಾರನ್ನು ಎತ್ತಿದರೆ ಅದು ‘ಕಾರು ತೀರಾ ಎತ್ತರವಾಯಿತು’ ಎಂದುಕೊಂಡು ಗಾಳಿ ಬಿಡಲು ಹೊರಡಬಹುದು! ಅದಕ್ಕೆಂದೇ ಡಿಕ್ಕಿಯಲ್ಲಿ ಒಂದು ಸ್ವಿಚ್ ಇಟ್ಟು, ಕಾರನ್ನು ಎತ್ತುವ ಮುನ್ನ ಆರಿಸಬೇಕೆಂದು ವಿಧಿಸಿದರು.

1994ರಲ್ಲಿ ಬಂದ ಎರಡನೆಯ ತಲೆಮಾರಿನ ರೇಂಜ್ ರೋವರಿನಲ್ಲಿ ಈ ಕಾವಲು ಇನ್ನಷ್ಟು ಬಿಗಿಯಾಯಿತು. ಗಣಕ ಗಂಭೀರ ದೋಷವನ್ನು ದಾಖಲಿಸಿಕೊಂಡಿತೆಂದರೆ ಕಾರು ರಬ್ಬರ್ ತಡೆಗಳ ಮೇಲೆ ಕುಕ್ಕರಿಸುತ್ತಿತ್ತು. ಗಂಟೆಗೆ 35 ಮೈಲಿ ಮೀರಬಾರದೆಂಬ ಎಚ್ಚರಿಕೆ ಕಾಣಿಸಿಕೊಳ್ಳುತ್ತಿತ್ತು. ಕೆಟ್ಟ ಭಾಗವನ್ನು ಬದಲಿಸಿದರೂ ಸಾಲದು, ದೋಷದ ದಾಖಲೆಯನ್ನು ಅಳಿಸಬೇಕು. ಅಳಿಸುವ ‘ಟೆಸ್ಟ್‌ಬುಕ್’ ಯಂತ್ರ ಇದ್ದದ್ದು ಕಂಪನಿಯ ಡೀಲರುಗಳ ಬಳಿ. ಊರಿನ ಮೆಕ್ಯಾನಿಕ್ ರೋಗ ವಾಸಿ ಮಾಡಬಲ್ಲ, ಆದರೆ ವಾಸಿಯಾಯಿತೆಂದು ಗಣಕವನ್ನು ಒಪ್ಪಿಸಲಾರ. ಇದು ಅನ್ಯಾಯವೆಂದು ಬಗೆದ ಹವ್ಯಾಸಿಗಳು ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಬೀಗ ತೆಗೆಯುವ ಸಾಫ್ಟ್‌ವೇರ್ ಬರೆದು ಹಂಚಿದರು. ಉಳಿದ ಕೆಲವರು ಕ್ಯಾಡಿಲಾಕ್ ಮಾಲೀಕರ ಹಾದಿಯನ್ನೇ ಹಿಡಿದರು.

ಕರ್ನಾಟಕದಲ್ಲಿ ಬಹಳ ಜನರಿಗೆ ಗಾಳಿಚೀಲದ ಸುಖ ಒದಗಿಸಿದ್ದು ಹೊಸಕೋಟೆಯಲ್ಲಿ ತಯಾರಾದ ವೋಲ್ವೊ ಬಸ್ಸುಗಳು. 2006ರಲ್ಲಿ ಬೆಂಗಳೂರಿನಲ್ಲಿ ನಗರ ಸಾರಿಗೆಗೆ ಬಂದ ತಗ್ಗು ನೆಲದ ಬಸ್ಸು ನಿಲ್ದಾಣದಲ್ಲಿ ಬಾಗಿಲ ಕಡೆಗೆ ಬಾಗುವುದೂ ಇದೇ ವಿದ್ಯೆಯಿಂದ.

ದೋಷ ಹುಡುಕಲು ಇಂದು ಸ್ಕ್ಯಾನರ್ ಇದೆ. ಆದರೆ ಅದು ತೋರಿಸುವ ಸಂಖ್ಯೆ ದೂರು ಎಲ್ಲಿಂದ ಬಂತೆಂದು ಹೇಳುತ್ತದೆಯೇ ಹೊರತು ಅಪರಾಧಿಯ ಹೆಸರನ್ನಲ್ಲ. ‘ಸೆನ್ಸರ್ ದೋಷ’ ಎಂದಿದ್ದರೆ ಸೆನ್ಸರು, ಅದರ ತಂತಿ, ಕೆಸರು ನೀರು ಹೊಕ್ಕು ಹಸಿರುಗಟ್ಟಿದ ಕನೆಕ್ಟರ್, ಯಾವುದೂ ಆಗಿರಬಹುದು. ಬಲ್ಲವರು ಮೊದಲು ಬ್ಯಾಟರಿಯನ್ನೂ ಅರ್ತ್ ತಂತಿಯನ್ನೂ ನೋಡುತ್ತಾರೆ. ಆ ಮೇಲೆ ಸೆನ್ಸರಿನ ತೋಳನ್ನು ಮೆಲ್ಲಗೆ ಆಡಿಸುತ್ತ ಮಲ್ಟಿಮೀಟರನ್ನು ಗಮನಿಸುತ್ತಾರೆ. ವೋಲ್ಟೇಜು ಜಾರಿದಂತೆ ಏರಬೇಕು, ನಡುವೆ ಜಿಗಿಯಬಾರದು. ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿ ದಿನವೂ ತಿರುಗಿಸುವ ಜಾಗದಲ್ಲೇ ಕರಕರ ಎನ್ನುತ್ತಿದ್ದುದು ನೆನಪಿರಬಹುದು. ರೇಂಜ್ ರೋವರಿನ ಸೆನ್ಸರಿನೊಳಗೂ ಅಂಥದೇ ಪಟ್ಟಿಯಿದೆ. ಕಾರು ಸದಾ ಓಡಾಡುವ ಎತ್ತರದಲ್ಲೇ ಅದು ಸವೆಯುತ್ತದೆ.

ಮತ್ತೆ ಮತ್ತೆ ಸುಡುವ ಆ ಫ್ಯೂಸು? ಚೀಲದಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಎತ್ತರ ಕಾಯಲು ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಸವೆದು ಬಿಗಿಯಾದ ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ. ರಿಲೇಯ ತುದಿಗಳು ಒಂದಕ್ಕೊಂದು ಬೆಸೆದುಕೊಂಡರಂತೂ ಗಣಕ ಸಾಕೆಂದರೂ ಮೋಟರು ನಿಲ್ಲದು. ಕೊನೆಗೆ ಫ್ಯೂಸು ತನ್ನನ್ನು ಸುಟ್ಟುಕೊಂಡು ತಂತಿಯನ್ನು ಉಳಿಸುತ್ತದೆ. ಅದು ಸುಡುತ್ತದೆಂದು ಹೆಚ್ಚು ಆಂಪಿಯರಿನದನ್ನು ಹಾಕಿದರೆ ಮುಂದಿನ ಸರದಿ ತಂತಿಯದು. ಆದ್ದರಿಂದಲೇ ಇಂದಿಗೂ ಅನುಭವಿಗಳು ಹೊಸ ಕಂಪ್ರೆಸರಿಗೆ ದುಡ್ಡು ಸುರಿಯುವ ಮುನ್ನ ಒಂದು ಮಗ್ಗಿನಲ್ಲಿ ಸೋಪಿನ ನೀರು ಕದಡಿಕೊಂಡು ಕಾರಿನಡಿಗೆ ನುಸುಳುತ್ತಾರೆ.