ನಡೆದರೆ ಕಾಲು ನೋವು, ನಿಂತರೆ ಮಾಯ: ರಕ್ತಸಂಚಾರದ ಈ ತೊಂದರೆಗೆ ನಡಿಗೆಯೇ ಚಿಕಿತ್ಸೆ

ಥಾಣೆ: ಡೊಂಬಿವಲಿ, ಕಲ್ಯಾಣ್ ನಿಲ್ದಾಣದ ಸೇತುವೆ ಹತ್ತುವಾಗ ಮೀನಖಂಡ ಹಿಡಿದುಕೊಂಡು, ಕೆಲವು ನಿಮಿಷ ನಿಂತರೆ ನೋವು ಹೋಗುತ್ತದೆಯೇ? ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳು ಕಿರಿದಾಗಿರಬಹುದು. ವೈದ್ಯರು ಇದನ್ನು ಪೆರಿಫೆರಲ್ ಆರ್ಟರಿ ಡಿಸೀಸ್ ಎನ್ನುತ್ತಾರೆ. ಇದಿದ್ದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು.

ಯಾರಿಗೆ ಬರುತ್ತದೆ?
ಬೀಡಿ, ಸಿಗರೇಟು ಸೇದುವವರು, ಮಧುಮೇಹ, ಅಧಿಕ ರಕ್ತದೊತ್ತಡ, ಕೊಲೆಸ್ಟ್ರಾಲ್ ಇರುವವರು ಎಚ್ಚರ ವಹಿಸಬೇಕು.

ಪತ್ತೆ ಹೇಗೆ?
ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದೊಂದಿಗೆ ಹೋಲಿಸಲಾಗುತ್ತದೆ. ಅನುಪಾತ 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ರೋಗವಿದೆ ಎಂದರ್ಥ. ನೋವಿಲ್ಲದ ಸರಳ ಪರೀಕ್ಷೆ ಇದು.

ಚಿಕಿತ್ಸೆ ಹೇಗಿರುತ್ತದೆ?
ತರಬೇತಿ ಪಡೆದ ಸಿಬ್ಬಂದಿಯ ಕಣ್ಗಾವಲಿನಲ್ಲಿ ರೋಗಿ ಟ್ರೆಡ್‌ಮಿಲ್ ಮೇಲೆ ನಡೆಯುತ್ತಾರೆ. ನೋವು ಮಧ್ಯಮ ಮಟ್ಟಕ್ಕೆ ಬಂದಾಗ ನಿಂತು, ಪೂರ್ತಿ ಹೋದ ಮೇಲೆ ಮತ್ತೆ ನಡೆಯುತ್ತಾರೆ. ವಾರಕ್ಕೆ 3 ದಿನ, ಪ್ರತಿ ಬಾರಿ 30ರಿಂದ 60 ನಿಮಿಷ, ಕನಿಷ್ಠ 12 ವಾರ ಇದು ಸಾಗಬೇಕು. ಇದರಿಂದ ರಕ್ತನಾಳದ ಅಡಚಣೆ ಕರಗುವುದಿಲ್ಲ. ಆದರೆ ಸಿಗುವ ಆಮ್ಲಜನಕವನ್ನು ಸ್ನಾಯುಗಳು ಚೆನ್ನಾಗಿ ಬಳಸಿಕೊಳ್ಳುತ್ತವೆ, ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ.

ಸ್ಟೆಂಟ್‌ಗಿಂತ ಮುಂದೆ
ಹೊಟ್ಟೆ, ಸೊಂಟದ ಭಾಗದ ಅಪಧಮನಿಯಲ್ಲಿ ತಡೆ ಇದ್ದವರ ಮೇಲೆ ಅಮೆರಿಕದಲ್ಲಿ ನಡೆದ 'ಕ್ಲೆವರ್' ಅಧ್ಯಯನ 2012ರಲ್ಲಿ ಪ್ರಕಟವಾಯಿತು. 6 ತಿಂಗಳ ಬಳಿಕ ಟ್ರೆಡ್‌ಮಿಲ್ ಮೇಲೆ ನಡೆಯುವ ಸಾಮರ್ಥ್ಯ ಸ್ಟೆಂಟ್ ಹಾಕಿಸಿಕೊಂಡವರಿಗಿಂತ ವ್ಯಾಯಾಮ ಮಾಡಿದವರಲ್ಲೇ ಹೆಚ್ಚು ಸುಧಾರಿಸಿತ್ತು. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2017ರಿಂದ ಇಂತಹ 36 ಸೆಷನ್‌ಗಳ ವೆಚ್ಚ ಭರಿಸುತ್ತಿದೆ.

ಇಲ್ಲಿನವರು ಏನು ಮಾಡಬೇಕು?
ಮೊದಲು ರಕ್ತನಾಳ ತಜ್ಞರನ್ನೋ ನಿಮ್ಮ ವೈದ್ಯರನ್ನೋ ಕಂಡು, ಹೃದಯ ಪರೀಕ್ಷೆ ಮಾಡಿಸಿಕೊಳ್ಳಿ. ನಿಗಾದ ವ್ಯಾಯಾಮ ಎಲ್ಲಿ ಸಿಗುತ್ತದೆ ಎಂದು ಫಿಸಿಯೋಥೆರಪಿ ವಿಭಾಗದಲ್ಲಿ ವಿಚಾರಿಸಿ. ವೈದ್ಯರು ಒಪ್ಪಿದ ಮೇಲೆ ಥಾಣೆಯ ತಲಾವ್ ಪಾಳಿ, ನವಿ ಮುಂಬೈನ ನೆರೂಳಿನ 'ಜ್ಯುವೆಲ್ ಆಫ್ ನವಿ ಮುಂಬೈ'ಯಂತಹ ಕಡೆ ಇದೇ ಕ್ರಮದಲ್ಲಿ ನಡೆಯಬಹುದು. ಧೂಮಪಾನ ಬಿಡಲೇಬೇಕು, ಮಾತ್ರೆ ನಿಲ್ಲಿಸಬಾರದು.

ಗಮನಿಸಿ
ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಗಾಯ ಮಾಯದಿದ್ದರೆ, ಬೆರಳು ಕಪ್ಪಾಗಿದ್ದರೆ ನಡಿಗೆ ಆರಂಭಿಸದೆ ಕೂಡಲೇ ವೈದ್ಯರಿಗೆ ತೋರಿಸಿ. ಕಾಲು ಏಕಾಏಕಿ ತಣ್ಣಗಾಗಿ, ಬಿಳಿಚಿಕೊಂಡು ಮರಗಟ್ಟಿದರೆ ಅದು ತುರ್ತು ಸ್ಥಿತಿ. 108ಕ್ಕೆ ಕರೆ ಮಾಡಿ. ಕೆಲವು ಗಂಟೆ ತಡವಾದರೂ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು.