ಎರಡು ಅಡಿಗೆರೆಗಳ ವಂಶಾವಳಿ

ರೋಮನ್ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳೆಂಬ ಎರಡು ವರ್ಗಗಳಿರುವುದು ಸುವಿದಿತ. ಇವೆರಡರ ನಡುವೆ ಸ್ಮಾಲ್ ಕ್ಯಾಪಿಟಲ್ ಎಂಬ ಮೂರನೆಯದೊಂದುಂಟು: ರೂಪದಲ್ಲಿ ದೊಡ್ಡಕ್ಷರ, ಎತ್ತರದಲ್ಲಿ ಹೆಚ್ಚುಕಡಿಮೆ ಚಿಕ್ಕಕ್ಷರ. ದೊಡ್ಡಕ್ಷರವನ್ನೇ ಕುಗ್ಗಿಸಿದರೆ ಇದು ದೊರೆಯದು. ಗೆರೆಗಳೂ ತೆಳುವಾಗಿ ಅಕ್ಷರವು ಬಡಕಲಾಗಿ ಕಾಣುತ್ತದೆ. ಆದುದರಿಂದಲೇ ಸೀಸದ ಮೊಳೆಗಳ ಕಾಲದಲ್ಲಿ ಇದನ್ನು ಬೇರೆಯಾಗಿಯೇ ಕೊರೆದು ಎರಕ ಹೊಯ್ಯುತ್ತಿದ್ದರು. ಹಸ್ತಪ್ರತಿಯ ಪದವೊಂದರ ಕೆಳಗೆ ಸಂಪಾದಕನು ಒಂದು ಗೆರೆ ಎಳೆದರೆ ಓರೆಯಕ್ಷರ, ಎರಡಾದರೆ ಸ್ಮಾಲ್ ಕ್ಯಾಪಿಟಲ್, ಮೂರಾದರೆ ದೊಡ್ಡಕ್ಷರವೆಂದು ಇಂಗ್ಲಿಷ್ ಅಚ್ಚುಕೂಟಗಳಲ್ಲಿ ಅರ್ಥ.

ಗಣಕಯಂತ್ರದ ಅಕ್ಷರಜೋಡಣೆಯ ಆದೇಶವು ಈ ಎರಡು ಗೆರೆಗಳ ವಾರಸುದಾರನೆಂದು ನಮ್ಮ ಅಭಿಪ್ರಾಯ. ಡೊನಾಲ್ಡ್ ಕ್ನೂತ್ ಅವರು 1977ರಲ್ಲಿ ತಮ್ಮ ಗ್ರಂಥದ ಹೊಸ ಆವೃತ್ತಿಯ ಕರಡಚ್ಚನ್ನು ಕಂಡು ಅಸಮಾಧಾನಗೊಂಡು ಟೆಕ್ ಎಂಬ ವ್ಯವಸ್ಥೆಯ ರಚನೆಗೆ ತೊಡಗಿದರು. ಅದಕ್ಕಾಗಿ ಅವರು ರೂಪಿಸಿದ ಕಂಪ್ಯೂಟರ್ ಮಾಡರ್ನ್ ಅಕ್ಷರಕುಲದಲ್ಲಿ ಸ್ಮಾಲ್ ಕ್ಯಾಪಿಟಲಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ಟೆಕ್ ಆಧಾರದ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು 1980ರ ದಶಕದಲ್ಲಿ ರಚಿಸಿದ ಲೇಟೆಕ್‌ನಲ್ಲಿ ದಪ್ಪಕ್ಷರದ ಆದೇಶವನ್ನೂ ಇದರ ಆದೇಶವನ್ನೂ ಒಟ್ಟಿಗೆ ಕೊಟ್ಟರೆ ಹಿಂದಿನದನ್ನು ಮುಂದಿನದು ಅಳಿಸಿಹಾಕುತ್ತಿತ್ತು. ಫ್ರಾಂಕ್ ಮಿಟೆಲ್‌ಬಾಕ್ ಮತ್ತು ರೈನರ್ ಶೋಫ್ ಅವರ ಯೋಜನೆಯು ದಪ್ಪವನ್ನೂ ರೂಪವನ್ನೂ ಬೇರ್ಪಡಿಸಿತು. 1994ರ ಆವೃತ್ತಿಯಲ್ಲಿ ಅದೇ ನೆಲೆಗೊಂಡಿತು. ಲೇಖಕನು ‘ಟೆಕ್ಸ್ಟ್‌ಎಸ್‌ಸಿ’ ಎಂಬ ಆದೇಶವನ್ನು ಬರೆದು ಪದವನ್ನು ಪುಷ್ಪಾವರಣದೊಳಗಿಟ್ಟರೆ ಸಾಕು. ಆದರೂ ಕೊರೆಯದ ಮೊಳೆಯನ್ನು ಯಾವ ಆದೇಶವೂ ತಂದುಕೊಡಲಾರದು. ಕ್ನೂತ್ ಅವರ ಆ ಕುಲದಲ್ಲಿ ದಪ್ಪ ಸ್ಮಾಲ್ ಕ್ಯಾಪಿಟಲ್ ಇಲ್ಲದ ಕಾರಣ ಯಂತ್ರವು ಎಚ್ಚರಿಕೆಯಿತ್ತು ಬೇರೊಂದು ಅಕ್ಷರವನ್ನು ಜೋಡಿಸುತ್ತದೆ.

ಇದೆಲ್ಲ ಬರಿಯ ಅಲಂಕಾರದ ಮಾತೆಂದು ಭಾವಿಸುವುದು ಸರಿಯಲ್ಲ. ಇಂಗ್ಲಿಷ್ ಬೈಬಲಿನ ಅನೇಕ ಮುದ್ರಣಗಳಲ್ಲಿ ‘ಲಾರ್ಡ್’ ಎಂಬ ಪದವು ಸ್ಮಾಲ್ ಕ್ಯಾಪಿಟಲಿನಲ್ಲಿದ್ದರೆ ಹೀಬ್ರೂ ಮೂಲದ ನಾಲ್ಕಕ್ಷರದ ದೇವನಾಮ. ಚಿಕ್ಕಕ್ಷರದಲ್ಲಿದ್ದರೆ ಒಡೆಯನೆಂಬ ಸಾಮಾನ್ಯ ಅರ್ಥದ ಪದ. 110ನೆಯ ಕೀರ್ತನೆಯ ಮೊದಲ ವಚನದಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ; ಮಾತನಾಡುವವನಾರು, ಕೇಳುವವನಾರು ಎಂಬುದು ಇಂಗ್ಲಿಷ್ ಓದುಗನಿಗೆ ಅಕ್ಷರದ ರೂಪದಿಂದಲೇ ತಿಳಿಯಬೇಕು. (ಕನ್ನಡದ ಹಳೆಯ ಸತ್ಯವೇದದಲ್ಲಿ ಯೆಹೋವನೆಂಬ ಹೆಸರೇ ಬಂದಿರುವುದರಿಂದ ನಮ್ಮವರಿಗೆ ಈ ತೊಡಕಿಲ್ಲ.) ಕಂಪ್ಯೂಟರ್ ಮಾಡರ್ನ್‌ನಲ್ಲಿ ಸ್ಮಾಲ್ ಕ್ಯಾಪಿಟಲುಗಳು ಕುಳಿತಿರುವುದು ಚಿಕ್ಕಕ್ಷರಗಳ ಮನೆಗಳಲ್ಲಿ. ಹೀಗಾಗಿ ಸಿದ್ಧಪಡಿಸಿದ ಪುಟದಿಂದ ಆ ವಚನವನ್ನು ಬೇರೆಡೆಗೆ ನಕಲಿಸಿದರೆ ಸಾಮಾನ್ಯವಾಗಿ ಎರಡು ಪದಗಳೂ ಒಂದೇ ಆಗಿಬಿಡುತ್ತವೆ. ಕಣ್ಣಿಗೆ ಕಂಡ ಭೇದವು ನಕಲಿನಲ್ಲಿ ಇರುವುದಿಲ್ಲ. ಅದಕ್ಕೆ ಕಾರಣವಾದ ಆದೇಶವು ಲೇಖಕನ ಮೂಲ ಕಡತದಲ್ಲಿ ಮಾತ್ರ ಉಳಿದಿರುತ್ತದೆ.