ಅಪ್ಪನ ನಂಬರಿನ ಖಾನೆ

ಪಿಯುಸಿ ಮುಗಿದ ವರ್ಷ ಸ್ಕಾಲರ್‌ಶಿಪ್ಪಿಗೆ ಅಪ್ಪನ ಆದಾಯ ಪ್ರಮಾಣಪತ್ರ ಬೇಕು ಅಂದ್ರು. ಅಪ್ಪ ಹೊಲದ ಕೆಲಸ ಬಿಟ್ಟು ಮೂರು ಸಲ ತಾಲ್ಲೂಕು ಆಫೀಸಿಗೆ ಅಲೆದರು. ನನಗೆ ಸಿಟ್ಟು ಬಂತು, ಆದ್ರೆ ಭಯ ಆಗಲಿಲ್ಲ. ಅರ್ಜಿ ಕೊಟ್ಟ ತಪ್ಪಿಗೆ ಅಪ್ಪನನ್ನ ದೇಶದಿಂದಲೇ ಆಚೆ ಹಾಕಿಬಿಡ್ತಾರೆ ಅನ್ನೋ ಹಾಗಿದ್ದಿದ್ರೆ? ಅಮೆರಿಕದಲ್ಲಿ ದಾಖಲೆ ಇಲ್ಲದೆ ಬದುಕ್ತಿರೋ ಕುಟುಂಬಗಳ ಮಕ್ಕಳು ಆ ಭಯ ಇಟ್ಟುಕೊಂಡೇ ಓದಬೇಕು.

ಈ ಕತೆ ಶಾಲೆಯಿಂದ ಶುರುವಾಗುತ್ತೆ. ದಾಖಲೆ ಇಲ್ಲದ ಮಕ್ಕಳ ಓದಿಗೆ ರಾಜ್ಯದ ಹಣ ಕೊಡಲ್ಲ ಅಂತ 1975ರಲ್ಲಿ ಟೆಕ್ಸಾಸ್ ಕಾನೂನು ಮಾಡಿತು. 1977ರಲ್ಲಿ ಟೈಲರ್ ಅನ್ನೋ ಊರಿನ ಶಾಲಾ ಮಂಡಳಿ, ಅಂಥ ಮಕ್ಕಳು ವರ್ಷಕ್ಕೆ 1,000 ಡಾಲರ್ ಕಟ್ಟಬೇಕು ಅಂತು. ಕೆಲವು ಬಡ ಕುಟುಂಬಗಳು ಕೋರ್ಟಿಗೆ ಹೋದವು. ಗುರುತು ಸಿಗದಿರಲಿ ಅಂತ ಎಲ್ಲರಿಗೂ 'ಡೋ' ಅನ್ನೋ ಬದಲಿ ಹೆಸರು. ನ್ಯಾಯಾಧೀಶ ವಿಲಿಯಂ ವೇಯ್ನ್ ಜಸ್ಟಿಸ್ ಬೆಳಗ್ಗೆ ಆರಕ್ಕೇ ವಿಚಾರಣೆ ಇಟ್ಟರು, ಜನರ ಕಣ್ಣಿಗೆ ಬೀಳದಿರಲಿ ಅಂತ. ಆದ್ರೂ ಅವತ್ತೇ ಗಡೀಪಾರಾಗಬಹುದು ಅಂತ ಸಾಮಾನು ಕಾರಿಗೆ ತುಂಬ್ಕೊಂಡು ಬಂದವರಿದ್ದರು.

1982ರಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಮಕ್ಕಳ ಪರ ತೀರ್ಪು ಕೊಟ್ಟಿತು. 'ಪ್ಲೈಲರ್ ವಿರುದ್ಧ ಡೋ' ಅಂತ ಆ ಕೇಸಿನ ಹೆಸರು. ತಂದೆತಾಯಿ ಮಾಡಿದ್ದಕ್ಕೆ ಮಕ್ಕಳನ್ನ ಶಾಲೆಯಿಂದ ದೂರ ಇಡೋದು ನ್ಯಾಯವಲ್ಲ ಅನ್ನೋದು ಅದರ ಸಾರ.

ಆದ್ರೆ ಆ ರಕ್ಷಣೆ ಹನ್ನೆರಡನೇ ಕ್ಲಾಸಿಗೆ ನಿಂತುಹೋಗುತ್ತೆ. ಕಾಲೇಜಿನ ವಿಷಯ ಬಂದ್ರೆ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. 2001ರಲ್ಲಿ ಟೆಕ್ಸಾಸೇ ಮೊದಲು, ಅದರ ಹಿಂದೆಯೇ ಕ್ಯಾಲಿಫೋರ್ನಿಯಾ, ತಮ್ಮಲ್ಲೇ ಹೈಸ್ಕೂಲು ಓದಿದ ಇಂಥ ಮಕ್ಕಳಿಗೆ ಸ್ಥಳೀಯರ ಫೀಸೇ ಸಾಕು ಅಂದವು. 2012ರ 'ಡಾಕಾ' ಯೋಜನೆ ಚಿಕ್ಕಂದಿನಲ್ಲೇ ಬಂದಿದ್ದ ಹಲವರಿಗೆ ಕೆಲಸದ ಪರವಾನಗಿ ಕೊಟ್ಟಿತು, ಪೌರತ್ವ ಕೊಡಲಿಲ್ಲ. 2025ರ ಜೂನಿನಲ್ಲಿ, ಕೇಂದ್ರ ಸರ್ಕಾರ ಹಾಕಿದ ದಾವೆಗೆ ಒಪ್ಪಿಕೊಂಡು ಟೆಕ್ಸಾಸ್ ತನ್ನ ಫೀಸಿನ ಕಾನೂನನ್ನೇ ಕೈಬಿಟ್ಟಿತು. 24 ವರ್ಷದ ಏರ್ಪಾಡು ಹೀಗೆ ಮುಗಿಯಿತು.

ಕಾನೂನು ಹೀಗೆ ಅತ್ತಿತ್ತ ವಾಲುವಾಗ ಕಾಲೇಜು ಏನು ಮಾಡಬಹುದು? ಮಾಡಿ ತೋರಿಸಿದವರಿದ್ದಾರೆ. ಬರ್ಕ್ಲಿ ವಿಶ್ವವಿದ್ಯಾಲಯ ಈ ಮಕ್ಕಳಿಗೆಂದೇ ಒಂದು ವಿಭಾಗ ನಡೆಸುತ್ತೆ. ಡೇವಿಸ್‌ನ ಕಾನೂನು ಕಾಲೇಜಿನಲ್ಲಿರೋ ಕೇಂದ್ರ ವಿದ್ಯಾರ್ಥಿಗೂ ಅವರ ಮನೆಯವರಿಗೂ ಪುಕ್ಕಟೆ ವಕೀಲರನ್ನ ಕೊಡುತ್ತೆ. ಮನೆಯವರಿಗೂ ಅನ್ನೋದು ಮುಖ್ಯ. ಎಷ್ಟೋ ಮನೆಗಳಲ್ಲಿ ಅಮೆರಿಕದಲ್ಲೇ ಹುಟ್ಟಿದ ತಂಗಿ ಆ ದೇಶದ ಪ್ರಜೆ, ಅಣ್ಣನ ಹತ್ತಿರ 'ಡಾಕಾ' ಕಾಗದ, ಅಪ್ಪ-ಅಮ್ಮನ ಹತ್ತಿರ ಏನೂ ಇಲ್ಲ.

ಆ ತಂಗಿಯನ್ನೇ ತಗೊಳ್ಳಿ. ಕೇಂದ್ರ ಸರ್ಕಾರದ ಶಿಕ್ಷಣ ನೆರವು ಪಡೆಯೋ ಹಕ್ಕು ಅವಳಿಗಿದೆ. ಅದಕ್ಕೆ 'ಫಾಫ್ಸಾ' ಅನ್ನೋ ಅರ್ಜಿ ತುಂಬಬೇಕು. 2023ರ ಡಿಸೆಂಬರ್ ಕೊನೆಗೆ ಅದರ ಹೊಸ ಆವೃತ್ತಿ ಬಂತು. ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದ ತಂದೆತಾಯಿಯ ಮಕ್ಕಳು ಅದನ್ನ ಪೂರ್ತಿ ಮಾಡೋಕೇ ಆಗಲಿಲ್ಲ. ಹಕ್ಕಿದೆ ಅಂತ ಕಾನೂನು ಹೇಳ್ತಿತ್ತು, ಮುಂದೆ ಹೋಗೋಕೆ ಸಾಫ್ಟ್‌ವೇರ್ ಬಿಡಲಿಲ್ಲ. ಸರಿಹೋಯ್ತು ಅಂತ ಇಲಾಖೆ ಹೇಳೋ ಹೊತ್ತಿಗೆ ಮಾರ್ಚ್ ಬಂದಿತ್ತು. ಇದನ್ನ ಓದಿದಾಗ ನನಗೆ ನಾಚಿಕೆ ಆಯ್ತು. ಅಂಥ ಫಾರ್ಮುಗಳನ್ನ ಬರೆಯೋದೇ ನನ್ನ ಕೆಲಸ.

ಇಂಥ ಹೊತ್ತಲ್ಲಿ ಕಾಲೇಜಿನಲ್ಲಿ ಇದನ್ನ ಬಲ್ಲ ಒಬ್ಬ ಗುಮಾಸ್ತ ಇದ್ರೆ, ತನ್ನ ನೆರವಿನ ಕೊನೇ ದಿನಾಂಕವನ್ನ ಕಾಲೇಜು ಮುಂದಕ್ಕೆ ಹಾಕಿದ್ರೆ, ಒಂದು ಹುಡುಗಿಯ ವರ್ಷ ಉಳಿಯುತ್ತೆ.

ಇನ್ನೊಂದು ಕೆಲಸ ಇದಕ್ಕಿಂತ ಸುಲಭ: ಬೇಡದ್ದನ್ನ ಕೇಳದೇ ಇರೋದು. 1974ರ 'ಫೆರ್ಪಾ' ಕಾನೂನು ವಿದ್ಯಾರ್ಥಿಗಳ ದಾಖಲೆ ಕಾಯುತ್ತೆ, ನಿಜ. ಕೋರ್ಟಿನ ಆದೇಶ ಬಂದ್ರೆ ಕೊಡಲೇಬೇಕಾಗುತ್ತೆ. ಆದ್ರೆ ಡೇಟಾಬೇಸಿನಲ್ಲಿ ಇಲ್ಲದ್ದನ್ನ ಯಾರೂ ತೆಗೆಯೋಕಾಗಲ್ಲ.

ಈಗ ನಮ್ಮ ಟೀಮಿನಲ್ಲಿ ಯಾರಾದ್ರೂ "ಈ ಖಾನೆ ಕಡ್ಡಾಯ ಮಾಡಿಬಿಡಿ" ಅಂದ್ರೆ ನಾನು ಎರಡು ಮಾತು ಕೇಳ್ತೀನಿ. ಇದು ಯಾಕೆ ಬೇಕು? ಇಲ್ಲದವರು ಏನು ಬರೀಬೇಕು?